ಬೆನ್ನಿಗಾನಹಳ್ಳಿಯ ಮುನ್ನೂರು ಮೀಟರ್

ಹೋದ ವಾರ ಬೆನ್ನಿಗಾನಹಳ್ಳಿಯಲ್ಲಿ ಸಹೋದ್ಯೋಗಿಯೊಬ್ಬರ ತಾಯಿಯನ್ನು ಮಾತಾಡಿಸಿಕೊಂಡು ಆಫೀಸಿಗೆ ಹೋಗಲು ಆಟೋ ಹತ್ತಿದೆ. ಬೆಳಗಿನ ಮಳೆ ಆಗಷ್ಟೇ ನಿಂತಿತ್ತು. ಒದ್ದೆಯಾದ ರೆಕ್ಸಿನ್ ಸೀಟಿನ ಮುಗ್ಗಲು, ಅದರ ಜೊತೆಗೆ ಗ್ಯಾಸಿನ ಸಣ್ಣ ವಾಸನೆ. ಎಲ್ಲೋ ಗೊತ್ತಿರುವ ವಾಸನೆ ಅನ್ನಿಸಿತು. ಎಲ್ಲಿಯದೆಂದು ಹೊಳೆಯುವ ಮೊದಲೇ ಗಲ್ಲಿ ಮುಗಿದು ಆಟೋ ಸರ್ವಿಸ್ ರಸ್ತೆಯ ಅಂಚಿಗೆ ಬಂದಿತ್ತು. ಚಾಲಕ ಹಿಂತಿರುಗಿ ಕೇಳಿದ:

"ಮೇಡಂ, ಯೂ-ಟರ್ನ್ ತುಂಬಾ ದೂರ. ಹಿಂಗೇ ರಾಂಗ್ ಸೈಡಲ್ಲಿ ಮುನ್ನೂರು ಮೀಟರ್ ಹೋದ್ರೆ ಮೇನ್ ರೋಡು ಸಿಕ್ಬಿಡುತ್ತೆ. ಹೋಗ್ಲಾ?"

"ಬೇಡ" ಅಂದೆ. ದನಿ ನನಗೇ ಗುರುತು ಸಿಗದಷ್ಟು ಗಡುಸಾಗಿತ್ತು. ಅವನು "ಎಲ್ರೂ ಹೋಗ್ತಾರೆ ಮೇಡಂ" ಎಂದು ಹ್ಯಾಂಡಲ್ ತಿರುಗಿಸತೊಡಗಿದ. ನಾನು ಅಲ್ಲೇ ಇಳಿದುಬಿಟ್ಟೆ. ಆ ಮುನ್ನೂರು ಮೀಟರ್ ನನಗೆ ಚೆನ್ನಾಗಿ ಗೊತ್ತು.

ಅದು ಮೂರು ವರ್ಷದ ಹಿಂದಿನ ಮಳೆಗಾಲ. ನಾವು ದಾವಣಗೆರೆ ಕಡೆಯವರು. ನಾನು ಇಂದಿರಾನಗರದಲ್ಲಿ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ನನ್ನ ಗಂಡ ಹರೀಶನ ಆಫೀಸು ಮಹದೇವಪುರದಲ್ಲಿ. ಮದುವೆಯಾದಾಗಿನಿಂದ ಮರ್ಫಿ ಟೌನ್‌ನಲ್ಲಿ ಬಾಡಿಗೆಗಿದ್ದವರು ಗರುಡಾಚಾರ್‌ಪಾಳ್ಯದಲ್ಲಿ ಒಂದು ಸಣ್ಣ ಫ್ಲ್ಯಾಟಿಗೆ ಬಂದಿದ್ದೆವು. ಮಗಳು ಪೂರ್ವಿ ಆಗ ನಾಲ್ಕನೇ ಕ್ಲಾಸು. ಅವಳ ಶಾಲೆ ಹಲಸೂರಿನಲ್ಲೇ ಉಳಿಯಿತು. ಸ್ನೇಹಿತೆಯರನ್ನು ಬಿಟ್ಟು ಬರಲು ಅವಳು ಒಪ್ಪಲಿಲ್ಲ, ಹೊಸ ಶಾಲೆ ಹುಡುಕುವ ಉತ್ಸಾಹ ನಮಗೂ ಇರಲಿಲ್ಲ.

ಹಾಗಾಗಿ ವ್ಯಾನು. ಅದನ್ನು ಓಡಿಸುತ್ತಿದ್ದವರು ಮರ್ಫಿ ಟೌನ್‌ನ ಸೆಲ್ವರಾಜ್. ಐವತ್ತು ದಾಟಿದ, ಮೆಲುದನಿಯ ಮನುಷ್ಯ. ಮಕ್ಕಳಿಗೆ ಸೆಲ್ವಾ ಅಂಕಲ್. ಬೆಳಿಗ್ಗೆ ಏಳು ಐದಕ್ಕೆ ನಮ್ಮ ಗೇಟಿನ ಮುಂದೆ ಎರಡು ಸಲ ಹಾರ್ನ್ ಮಾಡುತ್ತಿದ್ದರು. ನಾನು ಮೂರನೇ ಮಹಡಿಯಿಂದ "ಎರಡೇ ನಿಮಿಷ ಸೆಲ್ವಣ್ಣಾ" ಎಂದು ಕೂಗುತ್ತಿದ್ದೆ. ಜಡೆಯ ರಿಬ್ಬನ್ನು, ಡಬ್ಬಿ, ಕಾಣೆಯಾದ ಒಂದು ಸಾಕ್ಸ್. ಅವರು ಯಾವತ್ತೂ ಸಿಡುಕಿದ್ದಿಲ್ಲ.

ಮೆಟ್ರೊ ಮನೆಯ ಹತ್ತಿರವೇ ಇತ್ತು. ನಾನೇ ಅವಳನ್ನು ಹಲಸೂರಿಗೆ ಬಿಟ್ಟು ಬರಬಹುದಿತ್ತು. ಆದರೆ ಏಳೂವರೆಗೇ ಹೊರಟರೆ ಅಡಿಗೆಯ ಗತಿ ಏನು, ಎಂಟು ಗಂಟೆಗೆ ಹಲಸೂರು ಮುಟ್ಟಿ ಹತ್ತರ ಆಫೀಸಿಗೆ ಅಲ್ಲಿಯವರೆಗೆ ಏನು ಮಾಡುವುದು ಎಂದು ಆ ಯೋಚನೆಯನ್ನು ಬಂದಷ್ಟೇ ಬೇಗ ಬಿಟ್ಟಿದ್ದೆ.

ಜೂನ್ ಕೊನೆಯ ಒಂದು ಭಾನುವಾರ ಪೂರ್ವಿ ನೆಲದ ಮೇಲೆ ದಿಂಬುಗಳನ್ನು ಸಾಲಾಗಿಟ್ಟು ವ್ಯಾನ್ ಆಟ ಆಡುತ್ತಿದ್ದಳು. ಗೊಂಬೆಗಳೆಲ್ಲ ಪ್ರಯಾಣಿಕರು. ಇದ್ದಕ್ಕಿದ್ದಂತೆ, "ಎಲ್ಲರೂ ಕಣ್ಣು ಮುಚ್ಕೊಳ್ಳಿ" ಎಂದು ಒಂದೊಂದೇ ಗೊಂಬೆಯ ಮುಖದ ಮೇಲೆ ಕರವಸ್ತ್ರ ಹಾಕಿದಳು.

"ಯಾಕೆ ಕಣ್ಣು ಮುಚ್ಚೋದು?" ಎಂದು ನಾನು ಈರುಳ್ಳಿ ಹೆಚ್ಚುತ್ತಾ ಕೇಳಿದೆ.

"ಬೆನ್ನಿಗಾನಹಳ್ಳಿ ಬಂತಲ್ಲಮ್ಮಾ. ಅಲ್ಲಿ ಲಾರಿಗಳೆಲ್ಲ ನಮ್ಮ ಎದುರಿಗೇ ಬರ್ತವೆ. ನಾವು ಹಿಂದ್ಮುಂದ್ ಆಗಿ ಹೋಗ್ತೀವಲ್ಲ. ಸೆಲ್ವಾ ಅಂಕಲ್ ಕಣ್ಣು ಮುಚ್ಚಿ ದೇವರನ್ನ ನೆನೆಸ್ಕೊಳ್ಳಿ ಅಂತಾರೆ. ಬಿಡಿ ಅನ್ನೋ ತನಕ ಬಿಡಬಾರ್ದು."

ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. "ದಿನಾನೂ ಹೀಗೇನಾ?"

"ಲೇಟಾದ ದಿನ ಮಾತ್ರ" ಅಂದಳು. ಸ್ವಲ್ಪ ಯೋಚಿಸಿ, "ದಿನಾನೂ" ಎಂದು ತಿದ್ದಿದಳು.

ಹರೀಶನಿಗೆ ಹೇಳಿದೆ. "ಇಪ್ಪತ್ತೈದು ವರ್ಷದಿಂದ ಓಡಿಸ್ತಿರೋರು ಸುಜಾತಾ, ಅವರಿಗೆ ಗೊತ್ತಿರಲ್ವಾ" ಎಂದ. ವ್ಯಾನ್ ಮಕ್ಕಳ ತಂದೆತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಬರೆದೆ: ವ್ಯಾನು ಬೆನ್ನಿಗಾನಹಳ್ಳಿ ಹತ್ತಿರ ರಾಂಗ್ ಸೈಡಿನಲ್ಲಿ ಹೋಗುತ್ತಿದೆಯಂತೆ, ಯಾರಾದರೂ ಗಮನಿಸಿದ್ದೀರಾ? ಎಲ್ಲರೂ ಓದಿದರು. ಸಂಜೆಯವರೆಗೂ ಯಾರೂ ಉತ್ತರಿಸಲಿಲ್ಲ. ಕೊನೆಗೆ ಅದೇ ಬೆನ್ನಿಗಾನಹಳ್ಳಿಯ ಗಲ್ಲಿಯಿಂದ ಇಬ್ಬರು ಮಕ್ಕಳನ್ನು ಕಳಿಸುತ್ತಿದ್ದ ಪ್ರಕಾಶ್ ಎಂಬವರು ಒಂದೇ ಸಾಲು ಬರೆದರು: ಬೇರೆ ವ್ಯಾನ್ ಗೊತ್ತಿದ್ದರೆ ಹೇಳಿ ಮೇಡಂ. ಕೆಳಗೆ ಯಾರೋ ಹುಟ್ಟುಹಬ್ಬದ ಕೇಕಿನ ಚಿತ್ರ ಹಾಕಿದರು. ಅಲ್ಲಿಗೆ ಮಾತು ಮುಗಿಯಿತು.

ಮರುದಿನ ಸೆಲ್ವರಾಜ್ ಅವರನ್ನೇ ಕೇಳಿದೆ. ನಕ್ಕರು. "ಅಯ್ಯೋ ಮೇಡಂ, ಮಕ್ಕಳು ಏನೋ ಆಟಕ್ಕೆ ಹೇಳ್ತವೆ."

ಕಣ್ಣಾರೆ ನೋಡದೆ ಸಮಾಧಾನವಾಗುವಂತಿರಲಿಲ್ಲ. ಸ್ಕೂಟರ್ ಕೆಟ್ಟಿದೆ, ಆಫೀಸಿನಲ್ಲಿ ಬೇಗ ಕೆಲಸ ಇದೆ, ಇಂದಿರಾನಗರದವರೆಗೆ ನನ್ನನ್ನೂ ಬಿಡಿ ಎಂದು ಸುಳ್ಳು ಹೇಳಿ ಜುಲೈ ಮೊದಲ ವಾರದ ಒಂದು ಬೆಳಿಗ್ಗೆ ಪೂರ್ವಿಯ ಜೊತೆ ವ್ಯಾನ್ ಹತ್ತಿದೆ. ಆ ದಿನವೂ ನಾವು ಮೂರು ನಿಮಿಷ ತಡವಾಗಿಯೇ ಇಳಿದಿದ್ದೆವು. ನನಗೆ ಮುಂದಿನ ಸೀಟು ಕೊಟ್ಟರು. ಅಲ್ಲಿ ಕೂರುತ್ತಿದ್ದ ಇಬ್ಬರು ಹಿಂದಕ್ಕೆ ಹೋದರು. ಹಿಂದೆ ಎರಡು ಸೀಟುಗಳ ನಡುವೆ ಒಂದು ಮರದ ಹಲಗೆ ಅಡ್ಡ ಹಾಕಿ ಇನ್ನೊಂದು ಸಾಲು ಮಾಡಿದ್ದರು. ಎಲ್ಲರೂ ಹತ್ತಿದ ಮೇಲೆ ಎಂಟು ಜನ ಕೂರುವ ಗಾಡಿಯಲ್ಲಿ ಹದಿನಾಲ್ಕು ಮಕ್ಕಳು, ಒದ್ದೆ ರೇನ್‌ಕೋಟುಗಳು, ಬ್ಯಾಗುಗಳು, ಗ್ಯಾಸಿನ ವಾಸನೆ. ಯಾರಿಗೂ ಬೆಲ್ಟ್ ಇರಲಿಲ್ಲ.

ಕಾರ್ಖಾನೆ ಕ್ವಾರ್ಟರ್ಸಿನ ಮುಂದೆ ಒಬ್ಬ ತಾಯಿ ಬಾಲ್ಕನಿಯಿಂದ ಕೈಯೆತ್ತಿ "ಬಂದ್ವಿ, ಬಂದ್ವಿ, ಎರಡೇ ನಿಮಿಷ" ಅಂದಳು. ಮುಂದಿನ ಮನೆಯಲ್ಲಿ ಹುಡುಗ ಇನ್ನೂ ಹಾಲು ಕುಡಿಯುತ್ತಿದ್ದ. ಅದರ ಮುಂದಿನ ಮನೆಯ ತಾತ ಛತ್ರಿ ಹುಡುಕುತ್ತಿದ್ದರು. ಎಲ್ಲ ಕಡೆಯೂ ನನ್ನದೇ ಮಾತು, ನನ್ನದೇ ದನಿ. ಸೆಲ್ವರಾಜ್ ಏನೂ ಅನ್ನದೆ ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುತ್ತಾ ಕಾಯುತ್ತಿದ್ದರು. ಅಷ್ಟರಲ್ಲಿ ಮುಂದಿನ ಮನೆಗಳಿಂದ ಫೋನು ಶುರುವಾಯಿತು. ಎಲ್ಲಿದ್ದೀರಾ? ಇನ್ನೂ ಯಾಕೆ ಬಂದಿಲ್ಲ? ನಿನ್ನೆಯೂ ಶಾಲೆಯವರು ಡೈರಿಯಲ್ಲಿ ಲೇಟ್ ಎಂದು ಬರೆದು ಕಳಿಸಿದ್ದಾರೆ. ಸೆಲ್ವರಾಜ್ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಟಿನ್ ಫ್ಯಾಕ್ಟರಿ ಹತ್ತಿರದ ಮೆಟ್ರೊ ಕಾಮಗಾರಿಯ ತಗಡಿನ ಬೇಲಿಗಳ ನಡುವೆ ಬಸ್ಸಿನ ಪಕ್ಕ ನುಗ್ಗಿಸುತ್ತಿದ್ದರು. ನಾನು ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಶಾಲೆಯ ಗೇಟು ಎಂಟು ಹತ್ತಕ್ಕೆ ಮುಚ್ಚುತ್ತಿತ್ತು. ತಡವಾದವರು ಪ್ರಾರ್ಥನೆ ಮುಗಿಯುವವರೆಗೆ ಮಳೆಯಿರಲಿ ಬಿಸಿಲಿರಲಿ ಗೇಟಿನ ಹೊರಗೆ ನಿಲ್ಲಬೇಕು. ಮೂರು ಸಲ ಆದರೆ ತಂದೆತಾಯಿಗೆ ಕರೆ.

ಬೆನ್ನಿಗಾನಹಳ್ಳಿಯ ಗಲ್ಲಿಯಿಂದ ಪ್ರಕಾಶರ ಮಕ್ಕಳನ್ನು ಹತ್ತಿಸಿಕೊಂಡಾಗ ಏಳು ಐವತ್ತೆರಡು. ಹಲಸೂರಿನ ಕಡೆ ತಿರುಗಬೇಕೆಂದರೆ ಮೊದಲು ಕೆ.ಆರ್.ಪುರದ ಕಡೆಗೇ ವಾಪಸು ಹೋಗಿ ಯೂ-ಟರ್ನ್ ತೆಗೆದುಕೊಳ್ಳಬೇಕು. ಸೆಲ್ವರಾಜ್ ನನ್ನ ಕಡೆ ಒಮ್ಮೆ ನೋಡಿದರು. ನಂತರ ಗಾಡಿಯನ್ನು ಬಲಕ್ಕೆ, ಎದುರಿಗೆ ಬರುವ ವಾಹನಗಳ ಬಾಯಿಗೆ, ತಿರುಗಿಸಿದರು. ಹಿಂದೆ ಹದಿನಾಲ್ಕು ಮಕ್ಕಳ ಗಲಾಟೆ ಗಕ್ಕನೆ ನಿಂತಿತು. ತಿರುಗಿ ನೋಡಿದೆ. ಎಲ್ಲರೂ ಕಣ್ಣು ಮುಚ್ಚಿದ್ದರು. ಪೂರ್ವಿಯ ತುಟಿ ಅಲುಗುತ್ತಿತ್ತು.

ಒಂದು ನೀರಿನ ಟ್ಯಾಂಕರ್ ಹೆಡ್‌ಲೈಟ್ ಹೊಡೆಯುತ್ತಾ ಎದುರಿಗೆ ಬಂತು. ಸೆಲ್ವರಾಜ್ ಗಾಡಿಯನ್ನು ಚರಂಡಿಯ ಕಲ್ಲಿಗೆ ಒತ್ತಿದರು. ಟ್ಯಾಂಕರಿನ ಗಾಳಿ ವ್ಯಾನನ್ನು ಒಮ್ಮೆ ತಳ್ಳಿತು. ಕಿಟಕಿಯಿಂದ ಕೈ ಚಾಚಿದ್ದರೆ ಅದರ ಚಕ್ರ ಮುಟ್ಟುತ್ತಿತ್ತು.

"ಆಯ್ತು, ಕಣ್ಣು ಬಿಡಿ" ಅಂದರು ಸೆಲ್ವರಾಜ್. ಮಕ್ಕಳು ಚಪ್ಪಾಳೆ ತಟ್ಟಿದರು.

ಇಂದಿರಾನಗರದಲ್ಲಿ ಇಳಿಯುವ ಬದಲು ಶಾಲೆಯವರೆಗೂ ಹೋದೆ. ಮಕ್ಕಳೆಲ್ಲ ಒಳಗೆ ಹೋದ ಮೇಲೆ, ರಸ್ತೆಯ ಬದಿಯಲ್ಲೇ ಸೆಲ್ವರಾಜ್ ಅವರನ್ನು ಬೈದೆ. ಎಲ್ಲ ಮುಗಿದ ಮೇಲೆ ಅವರು ಹೇಳಿದರು:

"ನನಗೂ ಭಯ ಆಗುತ್ತೆ ಮೇಡಂ, ಸತ್ಯವಾಗ್ಲೂ. ಆದ್ರೆ ನೀವೇ ನೋಡಿದ್ರಲ್ಲ. ನಾನು ಹೆಂಗೆ ಓಡಿಸ್ದೆ ಅಂತ ಇವತ್ತಿನ ತನಕ ಒಬ್ರೂ ಫೋನ್ ಮಾಡಿಲ್ಲ. ಐದು ನಿಮಿಷ ಲೇಟಾದ್ರೆ ಹದಿನಾಲ್ಕು ಫೋನು."

ಇನ್ನು ಮೇಲೆ ಆ ದಾರಿಯಲ್ಲಿ ಹೋಗುವುದಿಲ್ಲ ಎಂದು ಅವರು ಮಾತು ಕೊಟ್ಟರು. ನಾಳೆಯಿಂದ ಪೂರ್ವಿ ಏಳಕ್ಕೇ ಗೇಟಿನಲ್ಲಿರುತ್ತಾಳೆ ಎಂದು ನಾನೂ ಮಾತು ಕೊಟ್ಟೆ. ಒಂದು ವಾರ ಇಬ್ಬರೂ ನಡೆಸಿಕೊಂಡೆವು. ಆಮೇಲೆ ಒಂದು ದಿನ ಸಾಕ್ಸ್ ಸಿಗಲಿಲ್ಲ, ಇನ್ನೊಂದು ದಿನ ಕುಕ್ಕರ್ ತಡವಾಯಿತು. ಪೂರ್ವಿಯನ್ನು ಸಂಜೆ, "ಈಗಲೂ ಕಣ್ಣು ಮುಚ್ಕೋತೀರಾ?" ಎಂದು ಕೇಳಬೇಕೆಂದು ಬಾಯಿವರೆಗೆ ಬರುತ್ತಿತ್ತು. ಕೇಳಲಿಲ್ಲ. ಹೌದು ಅಂದರೆ ನಾನು ಏನಾದರೂ ಮಾಡಬೇಕಾಗುತ್ತಿತ್ತು. ಶಾಲೆಗೆ ದೂರು ಕೊಟ್ಟರೆ ವ್ಯಾನು ನಿಲ್ಲುತ್ತದೆ. ವ್ಯಾನು ನಿಂತರೆ ನನ್ನ ಬೆಳಗು ಹೋಗುತ್ತದೆ. ಹೀಗೆ ಐದು ವಾರ ಕಳೆದವು.

ಆಗಸ್ಟ್ ನಡುವಿನ ಆ ಬೆಳಿಗ್ಗೆ ಜೋರು ಮಳೆ. ಎಂಟಕ್ಕೆ ಹತ್ತು ನಿಮಿಷ ಇರುವಾಗ ನನಗೆ ಫೋನು ಬಂತು. ಪೂರ್ವಿಯಲ್ಲ, ವ್ಯಾನಿನ ಮಕ್ಕಳಲ್ಲೆಲ್ಲ ದೊಡ್ಡವಳಾದ ಒಂಬತ್ತನೇ ಕ್ಲಾಸಿನ ಹುಡುಗಿ. ಹಿಂದೆ ಮಕ್ಕಳು ಅಳುವ ಸದ್ದು.

"ಆಂಟಿ, ಆಕ್ಸಿಡೆಂಟ್ ಆಗಿದೆ. ಪೂರ್ವಿ ಬಾಯಲ್ಲಿ ರಕ್ತ ಬರ್ತಿದೆ. ಮಾತಾಡ್ತಿದ್ದಾಳೆ. ಬೇಗ ಬನ್ನಿ."

ಹರೀಶ ಆಗಲೇ ಆಫೀಸಿಗೆ ಹೊರಟಿದ್ದ. ನಾನು ಗ್ಯಾಸ್ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಓಡಿ ಮೆಟ್ರೊ ಹತ್ತಿದೆ. ಸಿಂಗಯ್ಯನಪಾಳ್ಯ, ಕೆ.ಆರ್.ಪುರ, ಬೆನ್ನಿಗಾನಹಳ್ಳಿ. ಬಾಗಿಲ ಪಕ್ಕದ ಕಂಬಕ್ಕೆ ಹಣೆ ಒತ್ತಿಕೊಂಡು ನಿಂತಿದ್ದೆ. ಮೆಟ್ರೊ ನನ್ನನ್ನು ಹತ್ತು ನಿಮಿಷದೊಳಗೆ ಅಲ್ಲಿಗೆ ಮುಟ್ಟಿಸಿತು.

ವ್ಯಾನು ಅದೇ ಸರ್ವಿಸ್ ರಸ್ತೆಯಲ್ಲಿ, ಹೋಗಬಾರದ ದಿಕ್ಕಿಗೆ ಮುಖಮಾಡಿ, ಚರಂಡಿಗೆ ಒಂದು ಚಕ್ರ ಇಳಿಸಿ ನಿಂತಿತ್ತು. ಮಕ್ಕಳನ್ನು ಒಂದು ಅಂಗಡಿಯ ಜಗಲಿಯ ಮೇಲೆ ಕೂರಿಸಿದ್ದರು. ಪೂರ್ವಿ ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದಳು. ತುಟಿ ಒಡೆದಿತ್ತು, ಮುಂದಿನ ಹಲ್ಲು ಅರ್ಧ ಹೋಗಿತ್ತು. ನನ್ನನ್ನು ನೋಡಿದ ಕೂಡಲೇ, "ನಾನು ಕಣ್ಣು ಮುಚ್ಚಿದ್ದೆ, ನನಗೇನೂ ಕಾಣಿಸ್ಲಿಲ್ಲ" ಎಂದು ಜೋರಾಗಿ ಅತ್ತಳು.

ರಸ್ತೆಯ ಮೇಲೆ ಒಂದು ಸ್ಕೂಟರ್ ಬಿದ್ದಿತ್ತು. ಅದರ ಸವಾರ ನಂಜುಂಡಪ್ಪ ಎಂಬವರು, ಗರುಡಾಚಾರ್‌ಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಕೆಲಸ ಮಾಡುವವರು. ತಮ್ಮ ಪಾಡಿಗೆ ತಮ್ಮ ಬದಿಯಲ್ಲಿ ಕೆಲಸಕ್ಕೆ ಬರುತ್ತಿದ್ದರು. ಮಳೆಯ ತೆರೆಯಲ್ಲಿ ಎದುರಿಗೆ ವ್ಯಾನು ಕಂಡಾಗ ಬ್ರೇಕ್ ಹಿಡಿದಿದ್ದಾರೆ. ಸ್ಕೂಟರ್ ಜಾರಿ ಅವರ ಕಾಲು ವ್ಯಾನಿನ ಮುಂದಿನ ಚಕ್ರದಡಿಗೆ ಬಂದಿದೆ. ನಾನು ಹೋಗುವ ವೇಳೆಗೆ ಸೆಲ್ವರಾಜ್ ತಾವೇ ನಂಜುಂಡಪ್ಪನವರನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದರು. ಓಡಿಹೋಗಲು ಎಷ್ಟು ಬೇಕಾದರೂ ಅವಕಾಶವಿತ್ತು, ಓಡಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಠಾಣೆಗೆ ಹೋಗಿ ಕುಳಿತರು. ಹೆಲ್ಮೆಟಿನ ಪಟ್ಟಿ ಸರಿಯಾಗಿ ಬಿಗಿದಿದ್ದರಿಂದ ನಂಜುಂಡಪ್ಪನವರ ತಲೆ ಉಳಿಯಿತು ಎಂದು ಡಾಕ್ಟರು ಹೇಳಿದರಂತೆ. ಕಾಲು ಎರಡು ಕಡೆ ಮುರಿದಿತ್ತು.

ಮಧ್ಯಾಹ್ನ ಸಂಚಾರ ಠಾಣೆಯಲ್ಲಿ ತಂದೆತಾಯಂದಿರೆಲ್ಲ ಸೇರಿದೆವು. ಎಲ್ಲರ ಮುಖದಲ್ಲೂ ಭಯ ಆಗಲೇ ಸಿಟ್ಟಾಗಿ ಮಾರ್ಪಟ್ಟಿತ್ತು. "ಇವನನ್ನ ನಂಬಿ ಮಕ್ಕಳನ್ನ ಕಳಿಸಿದ್ವಲ್ಲ ಸರ್" ಎಂದು ಪ್ರಕಾಶ್ ಕೂಗಾಡುತ್ತಿದ್ದರು. ಅದುವರೆಗೆ ಸೆಲ್ವರಾಜ್ ಅವರನ್ನು ಯಾರೂ ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿರಲಿಲ್ಲ. ಅವರು ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತಿದ್ದರು. ಅಂಗಿಯ ತೋಳಿನಲ್ಲಿ ಇನ್ನೊಬ್ಬರ ರಕ್ತ ಒಣಗಿತ್ತು.

ಇನ್‌ಸ್ಪೆಕ್ಟರ್ ಎಲ್ಲರನ್ನೂ ಸುಮ್ಮನಾಗಿಸಿ ಕೇಳಿದರು: "ದಿನಾ ಇದೇ ರೂಟಲ್ಲಿ ರಾಂಗ್ ಸೈಡ್ ಹೋಗ್ತಿದ್ದೆ ಅಂತ ಈ ಮನುಷ್ಯ ಒಪ್ಕೊಂಡಿದ್ದಾರೆ. ನಿಮ್ಮಲ್ಲಿ ಯಾರಿಗಾದ್ರೂ ಮೊದಲೇ ಗೊತ್ತಿತ್ತಾ?"

"ಇಲ್ಲ ಸರ್." ಮೂರ್ನಾಲ್ಕು ದನಿಗಳು ಒಟ್ಟಿಗೆ.

ಹರೀಶ ನನ್ನ ಮೊಣಕೈಯನ್ನು ಮೆಲ್ಲಗೆ ಹಿಡಿದ. ನಾನು ಸೆಲ್ವರಾಜ್ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅವರು ತಲೆಯೆತ್ತಿ ನನ್ನನ್ನು ನೋಡಿದ್ದರೆ ಬಹುಶಃ ನಾನು ಸುಮ್ಮನಿದ್ದುಬಿಡುತ್ತಿದ್ದೆ. ಅವರು ನೋಡಲೇ ಇಲ್ಲ.

"ನನಗೆ ಗೊತ್ತಿತ್ತು ಸರ್" ಅಂದೆ. "ಜುಲೈನಲ್ಲಿ ನಾನೇ ಆ ವ್ಯಾನಲ್ಲಿ ಕೂತು ನೋಡಿದ್ದೆ."

ಪ್ರಕಾಶ್ ನನ್ನತ್ತ ತಿರುಗಿದರು. "ಗೊತ್ತಿದ್ದೂ ಸುಮ್ನಿದ್ರಾ? ನಮ್ಮ ಮಕ್ಕಳ ಜೀವ ರೀ! ನಿಮ್ಮ ಮಗಳೂ ಅದರಲ್ಲೇ ಇದ್ಳಲ್ವಾ?"

ನನ್ನ ಹತ್ತಿರ ಆ ವಾಟ್ಸಾಪ್ ಸಂದೇಶ ಇತ್ತು. ಇನ್‌ಸ್ಪೆಕ್ಟರ್ ಕೇಳಿದಾಗ ಫೋನನ್ನು ಅವರ ಮೇಜಿನ ಮೇಲಿಟ್ಟೆ. ಅವರು ನನ್ನ ಪ್ರಶ್ನೆಯನ್ನೂ ಅದರ ಕೆಳಗಿನ ಉತ್ತರವನ್ನೂ ಗಟ್ಟಿಯಾಗಿ ಓದಿದರು. ಪ್ರಕಾಶ್ ಕುರ್ಚಿಯಲ್ಲಿ ಕೂತರು. ಅದರಿಂದ ನನಗೆ ಯಾವ ಸಮಾಧಾನವೂ ಆಗಲಿಲ್ಲ. ಅವರು ಕೇಳಿದ್ದು ನಿಜವಾದ ಪ್ರಶ್ನೆಯೇ ಆಗಿತ್ತು. ನಾನು ನೋಡಿದ್ದನ್ನು, ನನ್ನ ಸುಳ್ಳನ್ನು, ನಮ್ಮ ಎರಡೆರಡು ನಿಮಿಷಗಳನ್ನು, ಗೇಟಿನ ವಿಷಯವನ್ನು, ಎಲ್ಲವನ್ನೂ ಹೇಳಿಕೆಯಾಗಿ ಬರೆಸಿ ಸಹಿ ಮಾಡಿದೆ.

"ಗೇಟು ಮುಚ್ಚಿದ್ರೂ, ಹದಿನಾಲ್ಕು ಫೋನ್ ಬಂದ್ರೂ, ಸ್ಟಿಯರಿಂಗ್ ಇವರ ಕೈಯಲ್ಲೇ ಇತ್ತಮ್ಮಾ" ಎಂದರು ಇನ್‌ಸ್ಪೆಕ್ಟರ್, ಕಾಗದ ತೆಗೆದುಕೊಳ್ಳುತ್ತಾ.

ಬೆಂಚಿನ ಕಡೆಯಿಂದ ಸೆಲ್ವರಾಜ್, "ಹೌದು ಸರ್" ಅಂದರು.

ಮುಂದಿನ ವಾರ ಶಾಲೆಯವರು ನಮ್ಮನ್ನೂ ವ್ಯಾನಿನ ಮಕ್ಕಳನ್ನೂ ಕರೆದು ಸಭೆ ನಡೆಸಿದರು. ಗೇಟಿನ ವಿಷಯ ಎತ್ತಿದಾಗ ಮುಖ್ಯೋಪಾಧ್ಯಾಯಿನಿ ಮೊದಲು ಶಿಸ್ತಿನ ಮಾತಾಡಿದರು. ಆಗ ಆ ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು, "ಮಿಸ್, ಗೇಟ್ ಮುಚ್ಚುತ್ತೆ ಅಂತ ಚಿಕ್ಕವರೆಲ್ಲ ವ್ಯಾನಲ್ಲಿ ಅಳ್ತಿದ್ರು. ಅಂಕಲ್‌ಗೆ ಬೇಗ ಹೋಗಿ ಅಂತ ನಾವೇ ಹೇಳ್ತಿದ್ವಿ" ಅಂದಳು. ತಡವಾದವರನ್ನು ಹೊರಗೆ ನಿಲ್ಲಿಸುವುದು ನಿಂತಿತು, ಅವರು ಗ್ರಂಥಾಲಯದಲ್ಲಿ ಕೂರಬಹುದಿತ್ತು. ಸೆಪ್ಟೆಂಬರಿನಲ್ಲಿ ಎರಡು ವ್ಯಾನುಗಳು ಬಂದವು. ಒಂದೊಂದರಲ್ಲೂ ಇರುವ ಸೀಟಿನಷ್ಟೇ ಮಕ್ಕಳು, ಪ್ರತಿಯೊಬ್ಬರಿಗೂ ಬೆಲ್ಟು. ಚಾಲಕರಿಗೆ ದಾರಿಯಲ್ಲಿ ಫೋನು ಮಾಡುವಂತಿಲ್ಲ. ಬೆನ್ನಿಗಾನಹಳ್ಳಿಯ ಮಕ್ಕಳನ್ನು ಪ್ರಕಾಶ್ ತಾವೇ ರಸ್ತೆ ದಾಟಿಸಿ ಆಚೆ ಬದಿಗೆ ತಂದು ನಿಲ್ಲಿಸತೊಡಗಿದರು. ವ್ಯಾನು ಯಾರಿಗಾಗಿಯೂ ಕಾಯುವಂತಿಲ್ಲ ಎಂಬ ಹೊಸ ನಿಯಮಕ್ಕೆ ಮೊದಲು ಸಿಕ್ಕವರು ನಾವೇ. ಎರಡನೇ ದಿನವೇ ವ್ಯಾನು ನಮ್ಮನ್ನು ಬಿಟ್ಟು ಹೊರಟಿತು. ಪೂರ್ವಿ ಗೇಟಿನಲ್ಲಿ ನಿಂತು ಅತ್ತಳು. ಮೆಟ್ರೊದಲ್ಲಿ ಕರೆದುಕೊಂಡು ಹೋದೆ. ಎಲ್ಲರೂ ಬದಲಾದರೆಂದು ಹೇಳಲಾರೆ. ಇಬ್ಬರು ತಂದೆಯರು ವ್ಯಾನೇ ಬೇಡವೆಂದು ಮಕ್ಕಳನ್ನು ಬೈಕಿನಲ್ಲಿ ಬಿಡತೊಡಗಿದರು, ಹೆಲ್ಮೆಟ್ ಇಲ್ಲದೆ.

ಸೆಲ್ವರಾಜ್ ಅವರ ಲೈಸೆನ್ಸ್ ಅಮಾನತಾಯಿತು, ಕೇಸು ನಡೆಯಿತು. ಅವರು ಕೋರ್ಟಿನಲ್ಲೂ ತಪ್ಪೊಪ್ಪಿಕೊಂಡರು. ಮತ್ತೆ ವ್ಯಾನು ಓಡಿಸಲಿಲ್ಲ. ಈಗ ಶಿವಾಜಿನಗರದ ಒಂದು ಗೋಡೌನಿನಲ್ಲಿ ಕೆಲಸ ಮಾಡುತ್ತಾರೆ. ನಂಜುಂಡಪ್ಪನವರು ಏಳು ತಿಂಗಳ ಮೇಲೆ ನಡೆದರು, ಎಡಗಾಲು ಸ್ವಲ್ಪ ಎಳೆಯುತ್ತದೆ. ದಿನವಿಡೀ ನಿಂತು ಲೇತ್ ನಡೆಸುವುದು ಆಗುವುದಿಲ್ಲ. ವರ್ಕ್‌ಶಾಪಿನವರು ಕೂತು ಮಾಡುವ ಅಳತೆ ಪರೀಕ್ಷೆಯ ಕೆಲಸ ಕೊಟ್ಟಿದ್ದಾರೆ.

ಅವರ ಮನೆಗೆ ನಾನು ಹೋದದ್ದು ಆ ಅಕ್ಟೋಬರಿನಲ್ಲಿ. ಸೆಲ್ವರಾಜ್ ಫೋನು ಮಾಡಿ, "ಅವರನ್ನ ನೋಡ್ಬೇಕು ಮೇಡಂ, ಒಬ್ಬನೇ ಹೋಗೋಕೆ ಧೈರ್ಯ ಬರ್ತಿಲ್ಲ" ಎಂದಿದ್ದರು. ನಂಜುಂಡಪ್ಪನವರ ಮನೆಯೂ ಮರ್ಫಿ ಟೌನಿನಲ್ಲೇ, ಸೆಲ್ವರಾಜ್ ಅವರ ಮನೆಯಿಂದ ಎರಡೇ ಬೀದಿ ಆಚೆ. ಬಾಗಿಲು ತೆರೆದವಳು ಅವರ ಮಗಳು ರೇಖಾ, ಪಿಯುಸಿ ಓದುತ್ತಿದ್ದಳು. ನಾವಿಬ್ಬರೂ ಯಾರೆಂದು ಹೇಳಿಕೊಂಡಾಗ, ಸೆಲ್ವರಾಜ್ ಅವರನ್ನು ನೋಡಿ ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ಒಳಗೆ ಬರೋದು ಬೇಡ."

"ಸರಿಯಮ್ಮಾ" ಎಂದು ಅವರು ಮೆಟ್ಟಿಲಿಳಿದು ಬೀದಿಯಲ್ಲಿ ನಿಂತರು. ನಾನು ಏನು ಮಾಡಬೇಕೆಂದು ತೋಚದೆ ಹೊಸ್ತಿಲ ಹೊರಗೇ ಉಳಿದೆ. ಒಳಗಿನಿಂದ ಗಂಡಸಿನ ದನಿ ಬಂತು: "ಬರಲಿ ಬಿಡಮ್ಮಾ."

ನಾವಿಬ್ಬರೂ ಒಳಗೆ ಹೋದಾಗ ನಂಜುಂಡಪ್ಪ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದರು. ಕಾಲಿನ ಸುತ್ತ ಕಬ್ಬಿಣದ ಸರಳುಗಳ ಚೌಕಟ್ಟು. ಸೆಲ್ವರಾಜ್ ಕೈಮುಗಿದು ನಿಂತರು, ಕೂರಲಿಲ್ಲ. ನಂಜುಂಡಪ್ಪನವರೇ ಮೊದಲು ಕೇಳಿದರು.

"ಒಂದು ವಿಷಯ ಕೇಳ್ತೀನಿ, ನಿಜ ಹೇಳಿ. ಹೊಡೆಯೋಕೆ ಮುಂಚೆ ನನ್ನನ್ನ ನೋಡಿದ್ರಾ?"

"ಇಲ್ಲ ಸರ್" ಅಂದರು ಸೆಲ್ವರಾಜ್. "ನೀವು ಬಿದ್ದ ಮೇಲೆ ನೋಡಿದೆ."

ನಂಜುಂಡಪ್ಪ ತಲೆಯಾಡಿಸಿದರು. ಕ್ಷಮಿಸಿದಂತೆಯೂ ಇರಲಿಲ್ಲ, ಶಪಿಸಿದಂತೆಯೂ ಇರಲಿಲ್ಲ. ಇಷ್ಟು ದಿನ ತಿಳಿಯಬೇಕೆಂದಿದ್ದ ಒಂದು ಸಂಗತಿ ತಿಳಿಯಿತು ಎಂಬಂತೆ ಇತ್ತು. ಸೆಲ್ವರಾಜ್ ಮತ್ತೊಮ್ಮೆ ಕೈಮುಗಿದು ಹೊರಗೆ ಹೋದರು.

ನಾನೂ ಹೊರಟೆ. ರೇಖಾ ಬಾಗಿಲವರೆಗೆ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

"ಆಂಟಿ, ನಿಮಗೆ ಮೊದಲೇ ಗೊತ್ತಿತ್ತಂತೆ. ಸ್ಟೇಷನ್‌ನಲ್ಲಿ ಹೇಳಿದ್ರು. ಹೌದಾ?"

"ಹೌದು" ಅಂದೆ.

ಅವಳು ನನ್ನ ಮುಖ ನೋಡುತ್ತಾ ನಿಂತಳು. ಆ ಹೌದು ಎಂಬುದರ ಮುಂದೆ ಇನ್ನೇನೋ ಇರಬೇಕು, ನಾನು ಅದನ್ನೂ ಹೇಳುತ್ತೇನೆ ಎಂದು ಕಾಯುತ್ತಿದ್ದಳು. ನನ್ನ ಹತ್ತಿರ ಮುಂದೆ ಏನೂ ಇರಲಿಲ್ಲ.